ಅಬ್ರಹಾಂ ಕಾಲಿಸ್: ಮಾಗಿದ ಗಾಯವನ್ನೂ ಮರೆಯದ ಶಸ್ತ್ರವೈದ್ಯ

ಐರ್ಲೆಂಡಿನ ಶಸ್ತ್ರವೈದ್ಯರಲ್ಲಿ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಇಂದಿಗೂ ಕೇಳಿಬರುವ ಹೆಸರು ಅಬ್ರಹಾಂ ಕಾಲಿಸ್ ಅವರದು. ಜಾರಿ ಬೀಳುವಾಗ ಅಂಗೈ ಊರಿದವರ ಮಣಿಕಟ್ಟಿನ ಬಳಿ ಮುರಿಯುವ ಮೂಳೆಗೆ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿಯೂ ಕಾಲಿಸ್ ಫ್ರ್ಯಾಕ್ಚರ್ ಎಂದೇ ಬರೆಯುತ್ತಾರೆ. ಆದರೆ ಅದೇ ಹೆಸರನ್ನು ಹೊತ್ತ ಇನ್ನೊಂದು ರಚನೆ ದೇಹದಲ್ಲಿದೆಯೆಂಬುದು ವೈದ್ಯರಲ್ಲದವರಿಗೆ ತಿಳಿದಿರುವುದು ಕಡಿಮೆ. ಜನನಾಂಗಕ್ಕೂ ಗುದದ್ವಾರಕ್ಕೂ ನಡುವಿನ ಪೆರಿನಿಯಂ ಭಾಗದಲ್ಲಿ ಚರ್ಮದಡಿಯ ಕೊಬ್ಬಿನ ಕೆಳಗೆ ಹರಡಿರುವ ತೆಳುವಾದ ತಂತುಪೊರೆಯೇ ಕಾಲಿಸ್ ಫೇಶಿಯಾ.

ಕರುಳಿನ ರೋಗಗಳ ವೈದ್ಯನಾಗಿ ಬಹುಕಾಲದಿಂದ ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ನನಗೆ ಈ ಎರಡನೆಯ ಕಾಲಿಸರ ಪರಿಚಯವೇ ಹೆಚ್ಚು. ನಮ್ಮ ಹಿರಿಯರು ಭಗಂದರವೆಂದು ಕರೆದ, ಇಂದು ಫಿಸ್ಟುಲಾ ಎಂದು ಹೆಸರಾದ ಬೇನೆಯಿಂದ ನರಳುವವರು ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿಕೊಂಡರೆ ಇದು ಶಾಶ್ವತವಾಗಿ ವಾಸಿಯಾಗುತ್ತದೆಯೇ? ಚಿಕಿತ್ಸೆ ಫಲಿಸಿತೆಂದು ಹೇಳಲು ಎಷ್ಟು ಕಾಲ ಕಾಯಬೇಕೆಂಬುದೇ ಆ ಪ್ರಶ್ನೆಯ ತಿರುಳು. ಕ್ರೋನ್ಸ್ ಕಾಯಿಲೆಯ ಹೆಸರನ್ನಾಗಲಿ ಸ್ಟೆಮ್ ಸೆಲ್ಲನ್ನಾಗಲಿ ಕಾಲಿಸ್ ಕೇಳಿರಲಿಲ್ಲ. ಜೀವಕೋಶ ಸಿದ್ಧಾಂತವೇ ರೂಪುಗೊಂಡದ್ದು ಅವರ ಬದುಕಿನ ಕೊನೆಯ ಐದಾರು ವರ್ಷಗಳಲ್ಲಿ. ಆದರೂ ಕಾಯುವ ವಿಷಯದಲ್ಲಿ ಅವರ ಬದುಕು ಇಂದಿನ ವೈದ್ಯರಿಗೂ ರೋಗಿಗಳಿಗೂ ಹೇಳುವುದು ಬಹಳವಿದೆ.

ಕಪ್ಪು ಕಲ್ಲಿನ ಊರಿನಿಂದ ಡಬ್ಲಿನ್‌ಗೆ

ಕಾಲಿಸ್ ಹುಟ್ಟಿದ್ದು 1773ರ ಜುಲೈ 23ರಂದು, ಕಿಲ್ಕೆನ್ನಿ ಪಟ್ಟಣದ ಸಮೀಪದ ಮಿಲ್‌ಮೌಂಟ್‌ನಲ್ಲಿ. ಹೊಳಪು ಕೊಟ್ಟಾಗ ಕನ್ನಡಿಯಂತೆ ಮಿರುಗುವ ಅಲ್ಲಿಯ ಕಪ್ಪು ಶಿಲೆ ಕಿಲ್ಕೆನ್ನಿ ಮಾರ್ಬಲ್ ಎಂಬ ಹೆಸರಿನಿಂದ ಪ್ರಸಿದ್ಧ. ಅದರ ಗಣಿಯನ್ನು ಕಾಲಿಸ್ ಮನೆತನವೇ ನಡೆಸುತ್ತಿತ್ತು. ತಂದೆ ವಿಲಿಯಂ ತೀರಿಕೊಂಡಾಗ ಬಾಲಕನಿಗೆ ಆರು ವರ್ಷ. ಗಣಿಯ ವ್ಯವಹಾರವನ್ನು ತಾಯಿಯೇ ವಹಿಸಿಕೊಂಡು ಮಕ್ಕಳನ್ನು ಓದಿಸಿದರು.

ಅವರು ವೈದ್ಯವೃತ್ತಿಗೆ ಬಂದ ಬಗೆಗೆ ಒಂದು ಕಥೆ ಪ್ರಚಲಿತದಲ್ಲಿದೆ. ಕಿಲ್ಕೆನ್ನಿಯಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನದಿ ಉಕ್ಕಿ ಬಟ್ಲರ್ ಎಂಬ ವೈದ್ಯರ ಮನೆಯ ವಸ್ತುಗಳನ್ನು ಕೊಚ್ಚಿಕೊಂಡು ಹೋಯಿತಂತೆ. ಹೊಲವೊಂದರಲ್ಲಿ ಬಿದ್ದಿದ್ದ ಅಂಗರಚನಾಶಾಸ್ತ್ರದ ಪುಸ್ತಕ ಹುಡುಗನಿಗೆ ಸಿಕ್ಕಿತು. ಹಿಂದಿರುಗಿಸಲು ಹೋದಾಗ ಅವನ ಆಸಕ್ತಿಯನ್ನು ಗಮನಿಸಿದ ವೈದ್ಯರು ಅದನ್ನು ಅವನಿಗೇ ಕೊಟ್ಟುಬಿಟ್ಟರು.

1790ರಲ್ಲಿ ಕಾಲಿಸ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಜೊತೆಗೇ ಫಿಲಿಪ್ ವುಡ್ರೋಫ್ ಎಂಬ ಶಸ್ತ್ರವೈದ್ಯರ ಬಳಿ ಶಿಷ್ಯವೃತ್ತಿ ಕೈಗೊಂಡು ಡಾಕ್ಟರ್ ಸ್ಟೀವನ್ಸ್ ಆಸ್ಪತ್ರೆಯಲ್ಲಿ ಕೆಲಸ ಕಲಿತರು. 1795ರಲ್ಲಿ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಿಂದ ವೃತ್ತಿಯ ಪರವಾನಗಿ, 1797ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪದವಿ ದೊರೆತವು. ಅಲ್ಲಿಂದ ಅವರು ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೋದರೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಲಂಡನ್ನಿನಲ್ಲಿ ಆಸ್ಟ್ಲಿ ಕೂಪರ್ ಅವರ ಜೊತೆ ತೊಡೆಸಂದಿಯ ಭಾಗವನ್ನು ಪದರ ಪದರವಾಗಿ ಬಿಡಿಸಿ ನೋಡುವ ಕೆಲಸ ಮಾಡಿದರು. ಮುಂದಿನ ಸಾಧನೆಗೆ ಕೈ ಪಳಗಿದ್ದು ಅಲ್ಲಿಯೇ.

1799ರಲ್ಲಿ ಸ್ಟೀವನ್ಸ್ ಆಸ್ಪತ್ರೆಯ ಶಸ್ತ್ರವೈದ್ಯರಾಗಿ ಆಯ್ಕೆಯಾದ ಅವರು 1841ರವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. 1733ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆ 1987ರಲ್ಲಿ ಮುಚ್ಚಿತು. ಡಬ್ಲಿನ್ನಿನ ಹ್ಯೂಸ್ಟನ್ ರೈಲುನಿಲ್ದಾಣದ ಬಳಿಯ ಅದರ ಕಟ್ಟಡದಲ್ಲಿ ಈಗ ದೇಶದ ಸಾರ್ವಜನಿಕ ಆರೋಗ್ಯ ಸೇವೆಯ ಆಡಳಿತ ಕಚೇರಿಯಿದೆ. ಈ ದೇಶಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು ಅದರ ಮುಂದೆ ಹಾದುಹೋಗಿಯೇ ಇರುತ್ತಾರೆ. 1802ರಲ್ಲಿ, ಇನ್ನೂ 28ರ ಹರೆಯದಲ್ಲಿ, ಕಾಲಿಸ್ ಸರ್ಜನ್ಸ್ ಕಾಲೇಜಿನ ಅಧ್ಯಕ್ಷರಾದರು. 1830ರಲ್ಲಿ ಅದೇ ಗೌರವ ಮತ್ತೊಮ್ಮೆ ಬಂತು. 1804ರಿಂದ 1836ರವರೆಗೆ ಅಲ್ಲಿ ಅಂಗರಚನೆ, ಶರೀರಕ್ರಿಯೆ ಮತ್ತು ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು.

ಪದರಗಳ ವಿದ್ಯೆ

ಆ ಕಾಲದ ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ನಾವು ನೆನಪಿನಲ್ಲಿಡಬೇಕು. ಈಥರ್ ಬಳಸಿ ನೋವನ್ನು ಮರೆಸುವ ವಿಧಾನ ಲೋಕಕ್ಕೆ ತಿಳಿದದ್ದು 1846ರಲ್ಲಿ. ಗಾಯವು ಕೀವಾಗದಂತೆ ತಡೆಯುವ ಲಿಸ್ಟರ್ ಅವರ ವಿಧಾನ ಪ್ರಕಟವಾದದ್ದು 1867ರಲ್ಲಿ. ಎರಡನ್ನೂ ಕಾಲಿಸ್ ಕಾಣಲಿಲ್ಲ. ಎಚ್ಚರವಿರುವ ರೋಗಿಯ ದೇಹದಲ್ಲಿ ಕತ್ತಿ ಆಡಿಸಬೇಕಾದವನಿಗೆ ಒಳಗೆ ಯಾವುದು ಎಲ್ಲಿದೆಯೆಂಬುದು ಕಣ್ಣು ಮುಚ್ಚಿದರೂ ತಿಳಿಯುವಂತಿರಬೇಕಿತ್ತು. ಅದನ್ನು ಕಲಿಯಲು ಶವಗಳೇ ಬೇಕು. 1832ರ ಕಾನೂನು ಬರುವವರೆಗೆ ಸಾಕಷ್ಟು ಶವಗಳು ನ್ಯಾಯವಾಗಿ ದೊರೆಯುತ್ತಿರಲಿಲ್ಲ. ಡಬ್ಲಿನ್ನಿನಲ್ಲಿ ಬಡವರನ್ನು ಹೂಳುತ್ತಿದ್ದ ಬುಲ್ಲೀಸ್ ಏಕರ್ ಸ್ಮಶಾನದಿಂದ ರಾತ್ರೋರಾತ್ರಿ ಹೆಣಗಳು ಕಾಣೆಯಾಗುತ್ತಿದ್ದವು. ಅಂದಿನ ಅಂಗರಚನಾ ವಿದ್ಯೆಯ ಹಿಂದೆ ಈ ಕರಾಳ ವ್ಯವಹಾರವೂ ಇತ್ತೆಂಬುದನ್ನು ಮರೆಮಾಚಲಾಗದು.

1811ರಲ್ಲಿ ಪ್ರಕಟವಾದ ಕಾಲಿಸರ ಶಸ್ತ್ರವೈದ್ಯಕೀಯ ಅಂಗರಚನೆಯ ಗ್ರಂಥ ಹೊಸ ಜಾಡನ್ನು ಹಿಡಿಯಿತು. ಮೂಳೆಗಳು, ಸ್ನಾಯುಗಳು, ನರಗಳು ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುವ ರೂಢಿಯನ್ನು ಬಿಟ್ಟು, ಒಂದು ಪ್ರದೇಶವನ್ನು ಆಯ್ದುಕೊಂಡು, ಕತ್ತಿ ಚರ್ಮದಿಂದ ಒಳಕ್ಕೆ ಇಳಿಯುತ್ತ ಹೋದಂತೆ ಎದುರಾಗುವ ಪದರಗಳನ್ನು ಅದೇ ಅನುಕ್ರಮದಲ್ಲಿ ಅವರು ವರ್ಣಿಸಿದರು. ಪೆರಿನಿಯಂನ ಆ ತಂತುಪೊರೆ ಸ್ಪಷ್ಟವಾಗಿ ಬೆಳಕಿಗೆ ಬಂದದ್ದು ಈ ಬಗೆಯ ಶೋಧನೆಯಿಂದಲೇ.

ಆ ಪೊರೆಯ ಮಹತ್ವವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಕಾಲು ಜಾರಿ ಬೇಲಿಯ ಮೇಲೆ ಕವಲಾಗಿ ಬಿದ್ದವನ ಮೂತ್ರನಾಳ ಒಡೆದರೆ, ಸೋರಿದ ಮೂತ್ರ ವೃಷಣಚೀಲಕ್ಕೆ ಇಳಿದು ಹೊಟ್ಟೆಯ ಗೋಡೆಯ ಕಡೆಗೆ ಏರುತ್ತದೆ. ಆದರೆ ತೊಡೆಗೆ ಇಳಿಯುವುದಿಲ್ಲ, ಗುದದ್ವಾರದ ಸುತ್ತಲೂ ಹರಡುವುದಿಲ್ಲ. ಪೊರೆಯು ಎರಡು ಪಕ್ಕಗಳಲ್ಲಿ ಮೂಳೆಗೂ ಹಿಂದೆ ಗಟ್ಟಿಯಾದ ಇನ್ನೊಂದು ಪೊರೆಗೂ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಗದ್ದೆಯ ನೀರು ಬದುವನ್ನು ದಾಟದೆ ಅದರ ಗುಂಟ ಹರಿಯುವಂತೆ ದೇಹದೊಳಗೆ ದ್ರವವೂ ಕೀವೂ ಪದರಗಳ ನಡುವೆ ದಾರಿ ಮಾಡಿಕೊಳ್ಳುತ್ತವೆ. ಈ ಬದುಗಳ ನಕ್ಷೆಯನ್ನು ಅರಿತವನೇ ರೋಗದ ಹಾದಿಯನ್ನು ಊಹಿಸಬಲ್ಲ.

ಭಗಂದರದ ಚಿಕಿತ್ಸೆ ನಿಂತಿರುವುದೂ ಇದೇ ತಿಳಿವಿನ ಮೇಲೆ. ಗುದನಾಳದ ಒಳಗಿನಿಂದ ಹೊರಚರ್ಮದವರೆಗೆ ಕೀವು ಕೊರೆದ ಸುರಂಗವೇ ಭಗಂದರ. ಸುಶ್ರುತ ಸಂಹಿತೆ ಅದರ ಐದು ಬಗೆಗಳನ್ನು ಹೆಸರಿಸುತ್ತದೆ. ಇಂದು ನಾವು ಬಳಸುವ ವರ್ಗೀಕರಣವನ್ನು ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ಸಂಗಡಿಗರು 1976ರಲ್ಲಿ ಕೊಟ್ಟರು. ಮಲವನ್ನು ಹಿಡಿದಿಡುವ ಸ್ನಾಯುಗಳನ್ನು ಸುರಂಗ ಯಾವ ಎಡೆಯಲ್ಲಿ ದಾಟಿದೆಯೆಂಬುದೇ ಅದರ ಆಧಾರ. ಸುರಂಗ ಮೇಲಿನ ಪದರದಲ್ಲಿದ್ದರೆ ಸೀಳಿ ತೆರೆದು ಮಾಗಿಸಬಹುದು. ಸ್ನಾಯುವಿನ ಬಹುಭಾಗವನ್ನು ಅದು ಆವರಿಸಿದ್ದರೆ, ಅಥವಾ ಕವಲೊಡೆದಿದ್ದರೆ, ಸೀಳಿದವನಿಗೆ ಮಲದ ಹಿಡಿತವೇ ತಪ್ಪಬಹುದು. ಸಂಕೀರ್ಣ ಭಗಂದರವೆಂಬುದು ಇದನ್ನೇ. ಕ್ರೋನ್ಸ್ ಕಾಯಿಲೆಯವರಲ್ಲಿ 20 ವರ್ಷಗಳ ಅವಧಿಯಲ್ಲಿ ಸುಮಾರು ಕಾಲುಭಾಗ ಜನರಿಗೆ ಗುದದ ಸುತ್ತ ಭಗಂದರವಾಗುತ್ತದೆ. ಇವರಲ್ಲಿ ಹೆಚ್ಚಿನವರು ಹರೆಯದವರು. ನೋವು, ಬಟ್ಟೆಗೆ ತಗಲುವ ಕೀವು, ಮದುವೆ ಮತ್ತು ದಾಂಪತ್ಯದ ಚಿಂತೆ, ಯಾರೊಡನೆಯೂ ಹೇಳಿಕೊಳ್ಳಲಾಗದ ಸಂಕೋಚ ಇವೆಲ್ಲವೂ ಕೂಡಿ ಬರುತ್ತವೆ. ತವರಿನಿಂದ ದೂರವಿರುವ ನಮ್ಮವರಲ್ಲಿ ಆ ಸಂಕೋಚ ಇನ್ನೂ ಹೆಚ್ಚು.

ದೂರದ ಫಲವನ್ನು ನೋಡಿದ ಕಣ್ಣು

1814ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯಲ್ಲಿ ಕಾಲಿಸ್ ಕೆಲವೇ ಪುಟಗಳ ಒಂದು ಲೇಖನ ಬರೆದರು. ಮುಂಗೈಯ ರೇಡಿಯಸ್ ಮೂಳೆ ಮಣಿಕಟ್ಟಿಗಿಂತ ಸುಮಾರು ಒಂದೂವರೆ ಅಂಗುಲ ಮೇಲೆ ಮುರಿಯುವ ಬಗೆ ಅದರ ವಿಷಯ. ಅಲ್ಲಿಯವರೆಗೆ ಬಹುಪಾಲು ವೈದ್ಯರು ಇದನ್ನು ಮಣಿಕಟ್ಟಿನ ಕೀಲು ತಪ್ಪಿದ್ದೆಂದೋ ಉಳುಕೆಂದೋ ಭಾವಿಸುತ್ತಿದ್ದರು. ಫ್ರಾನ್ಸಿನ ಪೂಟೊ ಅವರ ಬರಹದಲ್ಲಿ ಈ ಮುರಿತದ ಪ್ರಸ್ತಾಪ ಮೊದಲೇ ಬಂದಿದ್ದರೂ ಇಂಗ್ಲಿಷ್ ಬಲ್ಲ ವೈದ್ಯಲೋಕದಲ್ಲಿ ಅದು ಪ್ರಚಾರವಾಗಿರಲಿಲ್ಲ. ಎಕ್ಸ್-ರೇ ಬರಲು ಇನ್ನೂ 81 ವರ್ಷಗಳಿದ್ದವು. ಇಂಥ ಮುರಿತವನ್ನು ಶವಚ್ಛೇದನದಲ್ಲಿ ಕಾಣುವ ಅವಕಾಶವೂ ಅವರಿಗೆ ದೊರೆತಿರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. ಬೆರಳುಗಳ ಸ್ಪರ್ಶ ಮತ್ತು ತರ್ಕವನ್ನೇ ನೆಚ್ಚಿ ಮೂಳೆ ಮುರಿದಿರುವುದನ್ನು ತೋರಿಸಿ, ಅದನ್ನು ಸ್ಥಾನದಲ್ಲಿ ನಿಲ್ಲಿಸಲು ತಗಡಿನ ಪಟ್ಟಿಗಳನ್ನು ಸೂಚಿಸಿದರು.

ಆ ಲೇಖನದಲ್ಲಿ ನನ್ನನ್ನು ಹೆಚ್ಚಾಗಿ ಸೆಳೆದದ್ದು ಇನ್ನೊಂದು ಅಂಶ. ಸರಿಯಾಗಿ ಕೂಡಿಸದೆ ಬಿಟ್ಟ ಮುರಿತದ ಗತಿ ಮುಂದೇನಾಗುತ್ತದೆಂದು ಅವರು ಗಮನಿಸಿದ್ದರು. ಬಹುಕಾಲದ ಮೇಲೆ ಕೈಯ ಚಲನೆ ಮರಳುತ್ತದೆ, ನೋವೂ ಹೋಗುತ್ತದೆ, ಆದರೆ ಸೊಟ್ಟ ಮಾತ್ರ ಜೀವನಪರ್ಯಂತ ಉಳಿಯುತ್ತದೆ ಎಂಬುದು ಅವರ ನಿರ್ಣಯದ ಸಾರಾಂಶ. ಕಟ್ಟು ಬಿಚ್ಚಿದ ದಿನದ ಸ್ಥಿತಿಗೇ ಅವರು ನಿಲ್ಲಲಿಲ್ಲ. ಚಲನೆ, ನೋವು, ಆಕಾರ ಮೂರನ್ನೂ ಬೇರೆ ಬೇರೆಯಾಗಿ ತೂಗಿದರು. ಒಂದು ಸುಧಾರಿಸಿದರೆ ಇನ್ನೊಂದೂ ಸುಧಾರಿಸಿತೆಂದು ಊಹಿಸಲಿಲ್ಲ. ಅವರ ಆಶಾವಾದ ಎಲ್ಲ ರೋಗಿಗಳಲ್ಲೂ ನಿಜವಾಗಲಿಲ್ಲವೆಂದು, ಕೆಲವರಲ್ಲಿ ನೋವೂ ಹಿಡಿತದ ಬಲಹೀನತೆಯೂ ಉಳಿಯುತ್ತವೆಂದು ಮುಂದಿನವರು ಕಂಡುಕೊಂಡರು. ಹಾಗೆ ತಿದ್ದಲು ಸಾಧ್ಯವಾದದ್ದು ಅವರು ಪರೀಕ್ಷಿಸಿ ನೋಡಬಹುದಾದಷ್ಟು ಸ್ಪಷ್ಟವಾಗಿ ಬರೆದಿದ್ದರಿಂದ.

ಸೋಲುಗಳ ವಿಷಯದಲ್ಲೂ ಅವರದು ಇದೇ ನಡೆ. ಕೊರಳ ಬುಡದಲ್ಲಿರುವ ಸಬ್‌ಕ್ಲೇವಿಯನ್ ಧಮನಿಯನ್ನು ಕಟ್ಟುವ ಸಾಹಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಅವರೊಬ್ಬರು. ರೋಗಿ ಬದುಕದಿದ್ದರೂ ಅದರ ವಿವರಗಳನ್ನು ಅವರು ಪ್ರಕಟಿಸಿದರು. ರೋಗಿಯ ಸಾವಿಗೆ ತನ್ನ ಕೈಯೇ ಕಾರಣವೆಂದು ತುಂಬಿದ ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ವಿದ್ಯಾರ್ಥಿಗಳಿಗೆ ಹೇಳಿದ ಪ್ರಸಂಗವೂ ಅವರ ಕುರಿತು ಪ್ರಚಲಿತವಾಗಿದೆ.

1837ರಲ್ಲಿ ಲೈಂಗಿಕ ರೋಗಗಳನ್ನೂ ಪಾದರಸದ ಬಳಕೆಯನ್ನೂ ಕುರಿತ ಅವರ ಪುಸ್ತಕ ಬಂತು. ಹುಟ್ಟಿನಿಂದಲೇ ಸಿಫಿಲಿಸ್ ಇರುವ ಮಗು ಹಾಲು ಕುಡಿಯುವಾಗ ಬಾಡಿಗೆಯ ದಾದಿಗೆ ರೋಗ ಅಂಟಿಸುತ್ತದೆ, ರೋಗದ ಗುರುತೇ ಇಲ್ಲದ ಹೆತ್ತ ತಾಯಿಗೆ ಅಂಟಿಸುವುದಿಲ್ಲ ಎಂಬುದು ಅಲ್ಲಿಯ ಗಮನಾರ್ಹ ಅವಲೋಕನ. ಇದಕ್ಕೆ ಕಾಲಿಸ್ ನಿಯಮವೆಂಬ ಹೆಸರು ಬಂತು. ತಾಯಿಗೆ ಏನೋ ವಿಶೇಷ ರಕ್ಷಣೆಯಿದೆಯೆಂದು ಹಲವರು ನಂಬಿದರು. 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬಂದ ಮೇಲೆ ನಿಜ ಹೊರಬಿತ್ತು: ಆ ತಾಯಂದಿರಲ್ಲಿ ರೋಗ ಆಗಲೇ ಸುಪ್ತವಾಗಿ ನೆಲೆಸಿತ್ತು. ಕಂಡದ್ದು ಸರಿಯಾಗಿತ್ತು, ಅದಕ್ಕೆ ಕೊಟ್ಟ ಅರ್ಥ ಬದಲಾಯಿತು. ವೈದ್ಯಶಾಸ್ತ್ರದಲ್ಲಿ ಇದು ಮತ್ತೆ ಮತ್ತೆ ನಡೆಯುವ ಕಥೆ.

ಇಂದಿನ ಪ್ರಶ್ನೆಗೆ ಅಂದಿನ ಅಳತೆಗೋಲು

ಸ್ಟೆಮ್ ಸೆಲ್ ಚಿಕಿತ್ಸೆಯ ಕಥೆಯೂ ಇದಕ್ಕೆ ಹತ್ತಿರವಾದದ್ದೇ. ಕೊಬ್ಬಿನಿಂದ ತೆಗೆದ ಮೀಸೆಂಕೈಮಲ್ ಕೋಶಗಳು ಉರಿಯೂತವನ್ನು ತಗ್ಗಿಸುವ ಗುಣವುಳ್ಳವು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಗಾರ್ಸಿಯಾ ಓಲ್ಮೊ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಇವನ್ನು ಭಗಂದರಕ್ಕೆ ಚುಚ್ಚಿ ನೋಡಿದರು. ಮುಂದೆ ದಾನಿಯ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳನ್ನು ಒಂದೇ ಬಾರಿಗೆ ಕೊಡುವ ಡಾರ್ವಾಡ್‌ಸ್ಟ್ರೋಸೆಲ್ ಎಂಬ ಔಷಧಿ ಸಿದ್ಧವಾಯಿತು. 2016ರಲ್ಲಿ ಪ್ರಕಟವಾದ ಅಡ್ಮೈರ್ ಅಧ್ಯಯನದಲ್ಲಿ 212 ಕ್ರೋನ್ಸ್ ರೋಗಿಗಳಿದ್ದರು. 24 ವಾರಗಳ ನಂತರ ಕೋಶ ಪಡೆದವರಲ್ಲಿ ಶೇಕಡ 50, ಬರಿಯ ಉಪ್ಪುನೀರು ಪಡೆದವರಲ್ಲಿ ಶೇಕಡ 34 ಮಂದಿಗೆ ಭಗಂದರ ಮುಚ್ಚಿತ್ತು. ಮುಚ್ಚಿದ್ದನ್ನು ಎಂಆರ್‌ಐ ಸ್ಕ್ಯಾನಿನಲ್ಲೂ ಪರಿಶೀಲಿಸಲಾಗಿತ್ತು. ಒಂದು ವರ್ಷವಾದಾಗಲೂ ಅಂತರ ಉಳಿದಿತ್ತು. 2018ರಲ್ಲಿ ಯುರೋಪಿನಲ್ಲಿ ಪರವಾನಗಿ ದೊರೆಯಿತು. ಅದನ್ನು ಮಾರುತ್ತಿದ್ದ ಟಕೇಡಾ ಸಂಸ್ಥೆ ಕೋಶಗಳ ತಯಾರಿಕೆಗಾಗಿ ಡಬ್ಲಿನ್ ಅಂಚಿನ ಗ್ರೇಂಜ್ ಕ್ಯಾಸಲ್‌ನಲ್ಲಿ ಘಟಕವೊಂದನ್ನೂ ಕಟ್ಟಿತು. ರೋಗಿಗಳ ಕಣ್ಣಲ್ಲಿ ಅಂದು ಮೂಡಿದ ಭರವಸೆಯನ್ನು ನಾನು ಬಲ್ಲೆ.

ಕಾಲಿಸರ ಅಳತೆಗೋಲು ಇಲ್ಲಿ ಬೇಕಾಗುತ್ತದೆ. ಎರಡು ವರ್ಷಗಳವರೆಗೆ ನಿಗಾದಲ್ಲಿ ಉಳಿದವರು ಎರಡೂ ಗುಂಪು ಸೇರಿ 40 ಮಂದಿ ಮಾತ್ರ. ಅವರಲ್ಲಿ ಕೋಶ ಪಡೆದ 25 ಜನರಲ್ಲಿ 14, ಪಡೆಯದ 15 ಜನರಲ್ಲಿ 6 ಮಂದಿ ಗುಣಮುಖರಾಗಿಯೇ ಇದ್ದರು. ಹೊಸ ಅಪಾಯಗಳೇನೂ ಕಾಣಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಇಷ್ಟು ಚಿಕ್ಕ ಗುಂಪಿನಿಂದ ಶಾಶ್ವತವೆಂಬ ಮಾತು ಹೊರಡಲಾರದು. ಅನಂತರ 568 ರೋಗಿಗಳ ಎರಡನೆಯ ಅಧ್ಯಯನ ನಡೆಯಿತು. 2023ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ಕೋಶ ಪಡೆದವರಲ್ಲಿ ಶೇಕಡ 48.8, ಪಡೆಯದವರಲ್ಲಿ ಶೇಕಡ 46.3 ಮಂದಿ ಗುಣ ಕಂಡಿದ್ದರು. ಅಂತರವೆಂದು ಹೇಳುವಷ್ಟೇನೂ ಉಳಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಯುರೋಪಿನ ಪರವಾನಗಿ ಹಿಂದೆ ಸರಿಯಿತು.

ಈ ಅಂಕಿಗಳನ್ನು ಓದುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೋಶ ಪಡೆದವರ ಗುಂಪು ಸೋಲಲಿಲ್ಲ, ಮೊದಲಿನಷ್ಟೇ ಗುಣ ಕಂಡಿತು. ಪಡೆಯದವರ ಗುಂಪು ಮೇಲೇರಿತು. ಆ ಗುಂಪಿನವರಿಗೂ ಸುರಂಗವನ್ನು ಕೆರೆದು ಶುದ್ಧಮಾಡಿ, ಒಳಬಾಯನ್ನು ಹೊಲಿದು ಮುಚ್ಚಲಾಗಿತ್ತು, ಜೊತೆಗೆ ಕ್ರೋನ್ಸ್ ಕಾಯಿಲೆಯ ಔಷಧಿಗಳೂ ನಡೆದಿದ್ದವು. ಸುರಂಗದ ಹಾದಿಯನ್ನು ಬಲ್ಲ ಕೈ ಜಾಗರೂಕತೆಯಿಂದ ಮಾಡಿದ ಆ ಕೆಲಸಕ್ಕೂ ಗುಣದಲ್ಲಿ ದೊಡ್ಡ ಪಾಲು ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಕೆಲವರ ಭಗಂದರ ಮುಚ್ಚಿದ್ದು ನಿಜ. ಅದನ್ನು ಮುಚ್ಚಿದ್ದು ಕೋಶವೇ ಎಂಬ ಅರ್ಥ ಮಾತ್ರ ಎರಡನೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬೇರೆ ಬಗೆಯ ಕೋಶಗಳನ್ನು ಕುರಿತ ಸಂಶೋಧನೆ ಮುಂದುವರಿದಿದೆ, ಬಾಗಿಲು ಮುಚ್ಚಿಲ್ಲ.

ಆದುದರಿಂದ ಖಾಸಗಿ ಚಿಕಿತ್ಸಾಲಯಗಳು ದೊಡ್ಡ ಮೊತ್ತ ಕೇಳಿ ಶಾಶ್ವತ ಪರಿಹಾರದ ಮಾತಾಡಿದಾಗ ಓದುಗರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ರೋಗಿಗಳನ್ನು ಎಷ್ಟು ವರ್ಷ ಗಮನಿಸಿದ್ದೀರಿ? ನಡುವೆ ಬರುವುದನ್ನು ಬಿಟ್ಟವರನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಚರ್ಮದ ಬಾಯಿ ಮುಚ್ಚಿದ್ದನ್ನಷ್ಟೇ ನೋಡಿದಿರಾ, ಒಳಗಿನ ಸುರಂಗವನ್ನು ಸ್ಕ್ಯಾನಿನಲ್ಲೂ ನೋಡಿದಿರಾ? ಕೋಶವಿಲ್ಲದೆ ಅದೇ ಶಸ್ತ್ರಕ್ರಿಯೆ ಪಡೆದವರ ಗತಿಯೇನು? ಈ ನಾಲ್ಕಕ್ಕೆ ಉತ್ತರವಿಲ್ಲದ ಕಡೆ ಹಣಕ್ಕಿಂತಲೂ ಅಮೂಲ್ಯವಾದ ಕಾಲ ಪೋಲಾಗುತ್ತದೆ. ಆ ನಡುವೆ ಕೀವು ಹೊಸ ಕವಲುಗಳನ್ನು ತೆಗೆಯುತ್ತಿರಬಹುದು.

ಕೊನೆಯ ಪರೀಕ್ಷೆ

ಕಾಲಿಸರ ವೈಯಕ್ತಿಕ ಬದುಕು ಶಾಂತವಾಗಿತ್ತು. 1807ರಲ್ಲಿ ಸೋಫಿಯಾ ಕೋಪ್ ಅವರನ್ನು ಮದುವೆಯಾದರು. ಮಗ ವಿಲಿಯಂ ತಂದೆಯ ವೃತ್ತಿಯನ್ನೇ ಹಿಡಿದು 1863ರಲ್ಲಿ ಅದೇ ಸರ್ಜನ್ಸ್ ಕಾಲೇಜಿನ ಅಧ್ಯಕ್ಷರಾದರು. 1839ರಲ್ಲಿ ಸರ್ಕಾರ ಬ್ಯಾರೊನೆಟ್ ಎಂಬ ಆನುವಂಶಿಕ ಬಿರುದನ್ನು ನೀಡಲು ಬಂದಾಗ ಕಾಲಿಸ್ ಅದನ್ನು ಒಲ್ಲೆನೆಂದರು. ಅಷ್ಟರಲ್ಲಿ ಆರೋಗ್ಯ ಕುಂದತೊಡಗಿತ್ತು. ಗೌಟ್ ಬೇನೆಯೂ ಉಸಿರಾಟದ ತೊಂದರೆಯೂ ಕಾಡುತ್ತಿದ್ದವು. 1841ರಲ್ಲಿ ಆಸ್ಪತ್ರೆಯ ಕೆಲಸವನ್ನೂ ಬಿಟ್ಟರು.

ಕೊನೆಯ ದಿನಗಳು ಹತ್ತಿರವಾದವೆಂದು ತಿಳಿದಾಗ ಅವರು ರಾಬರ್ಟ್ ವಿಲಿಯಂ ಸ್ಮಿತ್ ಅವರಿಗೆ ಪತ್ರ ಬರೆದು, ತನ್ನ ದೇಹವನ್ನು ಮರಣಾನಂತರ ಜಾಗರೂಕತೆಯಿಂದ ಪರೀಕ್ಷಿಸಬೇಕೆಂದು ಕೇಳಿಕೊಂಡರು. ತನ್ನ ಕೊನೆಯ ಕಾಯಿಲೆಯ ನೆಲೆ ಮತ್ತು ಸ್ವರೂಪ ತಿಳಿದರೆ ಕುಟುಂಬಕ್ಕಷ್ಟೇ ಅಲ್ಲದೆ ಸಮಾಜಕ್ಕೂ ಉಪಯೋಗವಾದೀತೆಂಬುದು ಅವರ ಆಶಯ. ಹೆಣದ ಛೇದನವನ್ನು ಬಡವರಿಗೆ ಒದಗುವ ಅವಮಾನವೆಂದು ಜನ ಭಾವಿಸುತ್ತಿದ್ದ ಕಾಲವದು. ಆ ಊರಿನ ಅತಿ ಗೌರವಾನ್ವಿತ ವೈದ್ಯರೊಬ್ಬರು ಅದನ್ನು ತಾವಾಗಿ ಬೇಡಿದ್ದರು. 1843ರಲ್ಲಿ ಅವರು ತೀರಿಕೊಂಡಾಗ ಸ್ಮಿತ್ ಆ ಕೋರಿಕೆಯನ್ನು ನಡೆಸಿಕೊಟ್ಟು ಕಂಡದ್ದನ್ನು ಪ್ರಕಟಿಸಿದರು. ಕಾಲಿಸರ ದೇಹ ಡಬ್ಲಿನ್ನಿನ ಮೌಂಟ್ ಜೆರೋಮ್ ಸ್ಮಶಾನದಲ್ಲಿದೆ.

ಇದೇ ಸ್ಮಿತ್ 1847ರಲ್ಲಿ ಕೀಲುಗಳ ಬಳಿಯ ಮೂಳೆಮುರಿತಗಳ ಮೇಲೆ ಗ್ರಂಥ ಬರೆದರು. ಕಾಲಿಸ್ ಬೆರಳ ತುದಿಯಿಂದಷ್ಟೇ ಗ್ರಹಿಸಿದ್ದ ಆ ಮುರಿತವನ್ನು ಶವಗಳಿಂದ ದೊರೆತ ಮೂಳೆಗಳಲ್ಲಿ ಕಣ್ಣಾರೆ ನೋಡಿ ಪರಿಶೀಲಿಸಿದರು. ಕೆಲವನ್ನು ಒಪ್ಪಿದರು, ಕೆಲವನ್ನು ತಿದ್ದಿದರು. ಹಾಗೆ ತಿದ್ದಿದ್ದರಿಂದ ಕಾಲಿಸರ ಹೆಸರು ಕುಗ್ಗಲಿಲ್ಲ, ಮುರಿತಕ್ಕೆ ಅದೇ ಹೆಸರು ಉಳಿಯಿತು.